ಇಲಿವಾರದ ಕಾವಲು ಇಲಿ

ನಾಗಾವಿ ಹತ್ತಿರದ ನಮ್ಮ ಪ್ರಯೋಗಾಲಯದಲ್ಲಿ ಮುಪ್ಪಿನ ಅಧ್ಯಯನಕ್ಕೆಂದು ಇಲಿಗಳನ್ನು ಸಾಕಿದ್ದೇವೆ. ಅವು ಮಲಗಿದ ಹೊಟ್ಟನ್ನು ಒಂದು ಕಾವಲು ಇಲಿಯ ಪಂಜರಕ್ಕೆ ಹಾಕುತ್ತೇವೆ. ಅವುಗಳಿಗೆ ಸೋಂಕಿದ್ದರೆ ಈ ಕಾವಲು ಇಲಿಯ ರಕ್ತದಲ್ಲಿ ಗೊತ್ತಾಗುತ್ತದೆ. ರಕ್ತಕ್ಕಾಗಿ ಅದನ್ನು ಕೊಲ್ಲಬೇಕು.

ಗಣೇಶ ಚೌತಿಯ ಮರುದಿನ ಕಾವಲು ಇಲಿಯನ್ನು ಕೊಲ್ಲಲು ಹೊರಟಾಗ, ಪಂಜರ ತೊಳೆಯುವ ಬೆಟಗೇರಿಯ ನೇಕಾರರ ಅನ್ನವ್ವ ಅಡ್ಡ ನಿಂತಳು.

"ಇವತ್ತ ಇಲಿವಾರ ಐತ್ರಿ, ಶೈಲಾ ಅಕ್ಕಾರ. ಗಣಪ್ಪನ ಇಲಿಗೆ ಪೂಜಾ ಮಾಡೂ ದಿನ, ನಾವು ಮಗ್ಗಾ ಸೈತ ಮುಟ್ಟಂಗಿಲ್ಲ. ಇಲಿ ಮುನಿದ್ರ ಮೈಮ್ಯಾಲಿನ ಅರಿವಿ ಬಟ್ಟಿ ಉಳಸೂದಿಲ್ರಿ."

"ರೋಗ ಹಬ್ಬಿದ್ರ ಎಲ್ಲಾ ಇಲಿ ಸಾಯ್ತಾವ, ಅನ್ನವ್ವಾ" ಎಂದು ನಾನು ಅದನ್ನು ಕೊಂದೆ. ರಕ್ತದಲ್ಲಿ ಯಾವ ಸೋಂಕೂ ಇರಲಿಲ್ಲ.

ಮರುದಿನ, ಉಗಿಯಲ್ಲಿ ಶುದ್ಧಿ ಮಾಡಿಟ್ಟ ನನ್ನ ಬಿಳಿ ಕೋಟಿನ ಪೊಟ್ಟಣ ಒಡೆದೆ. ತೋಳಿನ ಅಂಚನ್ನು ಸಣ್ಣ ಹಲ್ಲುಗಳು ಕಡಿದಿದ್ದವು. ಪೊಟ್ಟಣಕ್ಕೆ ತೂತಿರಲಿಲ್ಲ. ಇಲಿಗಳೆಲ್ಲ ಪಂಜರದಲ್ಲೇ ಇದ್ದವು.

ಅನ್ನವ್ವ ತೊಳೆದು ಮುಚ್ಚಿಟ್ಟಿದ್ದ, ಕಾವಲು ಇಲಿಯ ಖಾಲಿ ಪಂಜರ ತೆರೆದೆ. ಒಳಗೆ ಬಿಳಿ ನೂಲಿನ ಗೂಡು. ಬೆರಳಿಟ್ಟೆ, ಬೆಚ್ಚಗಿತ್ತು.