ಹಿಡಿಯದ ಬ್ರೇಕು

ನಾವು ಹೋಗುವ ಹೊತ್ತಿಗೆ ದೀಪಕ್‌ನನ್ನು ಆಸ್ಪತ್ರೆಗೆ ಒಯ್ದಾಗಿತ್ತು. ಒಯ್ದದ್ದು ಶಾಸ್ತ್ರಕ್ಕೆ ಅಷ್ಟೆ. ಕಣಕಟ್ಟೆ ಟ್ರ್ಯಾಕಿನ ಮೂರನೇ ತಿರುವಿನಲ್ಲಿ ಅವನ ಕೆಂಪು ಸ್ಪೋರ್ಟ್ಸ್ ಕಾರು ಸಿಮೆಂಟ್ ಗೋಡೆಗೆ ಬಲಮಗ್ಗುಲು ಒತ್ತಿಕೊಂಡು ನಿಂತಿತ್ತು. ಮೂತಿಗೆ ಒಂದು ಗೀರೂ ಇಲ್ಲ. ಡ್ರೈವರ್ ಕಡೆಯ ಬಾಗಿಲು ಮಾತ್ರ ಸೀಟಿನವರೆಗೆ ಒಳಗೆ ಬಂದಿತ್ತು. ಟಾರಿನ ಮೇಲೆ ಬ್ರೇಕ್ ಹಾಕಿದ ಗುರುತು ಎಲ್ಲೂ ಇರಲಿಲ್ಲ.

ನಾನು ಗಂಗಾಧರಪ್ಪ, ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅಪಘಾತಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೆಲ್ಮೆಟ್ ಹಾಕಿಕೊಂಡು ಸುತ್ತಿದ ಜಾಗದಲ್ಲೇ ಸುತ್ತುವ ಈ ಜನರನ್ನು ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಆದರೂ ಬ್ರೇಕ್ ಪೆಡಲಿಗೆ ಸಿಕ್ಕಿಕೊಂಡಿದ್ದ ಒಂಟಿ ಶೂ ನೋಡಿ ನಾನು ಟೋಪಿ ತೆಗೆದೆ. ಕೊನೆಯವರೆಗೂ ಅವನು ಬ್ರೇಕ್ ತುಳಿಯುತ್ತಲೇ ಇದ್ದ.

ಅಲ್ಲಿ ನಡೆಯುವುದು ಪಂದ್ಯವಲ್ಲ. ಹಳೇ ಇಟ್ಟಿಗೆ ಕಾರ್ಖಾನೆಯ ಬಯಲಿನಲ್ಲಿ ಕಿರಣ್ ಎಂಬಾತ ಎರಡು ಕಿಲೋಮೀಟರ್ ಟಾರು ಹಾಕಿಸಿದ್ದಾನೆ. ತಿಂಗಳಿಗೊಂದು ಭಾನುವಾರ ಅವರವರ ಕಾರು ತಂದು ಮನಸಾರೆ ಓಡಿಸಿಕೊಂಡು ಹೋಗುತ್ತಾರೆ.

ದೀಪಕ್‌ನ ತಂದೆ ಮಾದಿಹಳ್ಳಿಯ ತಿಮ್ಮಯ್ಯ. ತೆಂಗು, ಗದ್ದೆ ಇರುವ ಮನೆತನ. ಒಬ್ಬನೇ ಮಗ. ದೂರಿನಲ್ಲಿ ಅವರು ಬರೆಸಿದ್ದು ಒಂದೇ ಹೆಸರು: ಅರಸೀಕೆರೆಯ ಮೆಕ್ಯಾನಿಕ್ ಸಂತು. ಹಿಂದಿನ ಸಂಜೆ ಬ್ರೇಕ್ ಕೆಲಸ ಮಾಡಿದವನು ಅವನೇ. ಆಸ್ಪತ್ರೆಯ ಅಂಗಳದಲ್ಲಿ ಮುದುಕರು ಅವನ ಕೆನ್ನೆಗೆ ಬಾರಿಸಿದ್ದರು. ಸಂತು ಕೈಕಟ್ಟಿಕೊಂಡು ಹೊಡೆಸಿಕೊಂಡಿದ್ದ.

ಮಂಗಳವಾರ ಬೆಳಿಗ್ಗೆ ಸಬ್ ಇನ್ಸ್‌ಪೆಕ್ಟರ್ ನಂಜಪ್ಪ ಅವನನ್ನು ಠಾಣೆಗೆ ತರಿಸಿದರು. ಸಂಜೆ ನಾಲ್ಕಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದೆಂದಾಯಿತು. ಕಲಮು ಭಾರಿಯಾಗಿತ್ತು, ಜಾಮೀನು ಸುಲಭವಿರಲಿಲ್ಲ. ಒಮ್ಮೆ ಒಳಗೆ ಹೋಗಿಬಂದ ಮೆಕ್ಯಾನಿಕ್‌ನ ಕೈಗೆ ಆಮೇಲೆ ಯಾರು ಗಾಡಿ ಕೊಡುತ್ತಾರೆ? ಅವನ ಹೆಂಡತಿ ಶ್ಯಾಮಲಾ ಠಾಣೆಯ ಮೆಟ್ಟಿಲ ಮೇಲೆ ಕೂತವಳು ನೀರು ಕೊಟ್ಟರೂ ಮುಟ್ಟಲಿಲ್ಲ.

ಹತ್ತು ಗಂಟೆಗೆ ಶಿವಗಂಗಮ್ಮ ಬಂದರು. ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ವಾಹನದ ಪಾಠ ಹೇಳಿ ನಿವೃತ್ತರಾದವರು. ಅಪಘಾತದ ಗಾಡಿಗಳನ್ನು ಪರೀಕ್ಷಿಸಲು ನಮ್ಮವರು ಕರೆಸುತ್ತಾರೆ. ಮಾತು ಕಡಿಮೆ, ಪ್ರಶ್ನೆ ಜಾಸ್ತಿ.

"ಬ್ರೇಕ್ ಆಯಿಲ್ ಯಾವಾಗ ಹಾಕಿದ್ದು?" ಸಂತುವನ್ನು ಕೇಳಿದರು.

"ಶನಿವಾರ ಸಂಜೆ ಮೇಡಂ. ದೀಪಕಣ್ಣನ ಮುಂದೇನೇ ಹೊಸ ಡಬ್ಬದ ಸೀಲ್ ಒಡೆದೆ. ಹಳೇದೆಲ್ಲ ಇಳಿಸಿ ನಾಲ್ಕು ಚಕ್ರಕ್ಕೂ ಹೊಸದು ತುಂಬಿದೆ."

"ಆಮೇಲೆ?"

"ಭಾನುವಾರ ಟ್ರ್ಯಾಕಲ್ಲಿ ಇನ್ನೊಂದ್ಸಲ ನಾಲ್ಕೂ ಕಡೆ ಬ್ರೇಕ್ ಪೈಪಲ್ಲಿರೋ ಗಾಳಿ ತೆಗ್ದೆ. ಆಗ ಮ್ಯಾಲಿನ ಕುಪ್ಪೀಲಿರೋ ಆಯಿಲ್ ಚಕ್ರಕ್ಕಿಳೀತದೆ. ಕಮ್ಮಿಯಾದಷ್ಟು ಅದೇ ಡಬ್ಬದಿಂದ ತುಂಬಿದೆ. ಟ್ರ್ಯಾಕಿಗೋಗೋ ಗಾಡಿಗೆ ನಾನು ಯಾವಾಗ್ಲೂ ಎರಡು ಸಲ ಮಾಡ್ತೀನಿ."

"ಎರಡು ಸಲ ಮಾಡಿ ಒಬ್ಬನ್ನ ಕೊಂದೆ," ಎಂದರು ನಂಜಪ್ಪ.

ಶಿವಗಂಗಮ್ಮ ಆ ಮಾತು ಕೇಳಿಸದವರಂತೆ ಮುಂದುವರಿದರು.

"ಎರಡರ ನಡುವೆ ಕಾರು ಎಲ್ಲಿತ್ತು?"

"ಮಾದಿಹಳ್ಳೀಲಿ, ಅವರ ಮನೇಲಿ."

ಕಾರು ಠಾಣೆಯ ಹಿಂದೆ, ತೋಟದ ಬೇಲಿಯ ಪಕ್ಕದಲ್ಲಿತ್ತು. ಶಿವಗಂಗಮ್ಮ ಪೆನ್ನಿನಂಥ ಒಂದು ಉಪಕರಣ ತೆಗೆದು ಸಂತುವಿನ ಡಬ್ಬದೊಳಗೆ ಅದ್ದಿದರು — ಹಸಿರು ದೀಪ. ಚಕ್ರಗಳಿಂದ ಇಳಿಸಿದ ಆಯಿಲ್‌ಗೆ ಅದ್ದಿದರು — ಕೆಂಪು ದೀಪ. ಮತ್ತೆ ಅದ್ದಿದರು. ಮತ್ತೆ ಕೆಂಪು.

"ನೀರು," ಎಂದರು. "ಡಬ್ಬದಲ್ಲಿಲ್ಲ, ಚಕ್ರದಲ್ಲಿದೆ."

"ಹಂಗಾದ್ರೆ ಇವನೇ ಬೆರೆಸಿದಾನೆ," ಎಂದರು ನಂಜಪ್ಪ.

ಶಿವಗಂಗಮ್ಮ ಮುಂದಿನ ಬಾನೆಟ್ಟು ಎತ್ತಿದರು. ಒಳಗೆ ಎಂಜಿನ್ನೇ ಇಲ್ಲ. ನಾನು ಬೆಪ್ಪಾದೆ. ಈ ಕಾರಿನ ಎಂಜಿನ್ನು ಹಿಂದೆ, ಸೀಟಿನ ಬೆನ್ನಿಗಿತ್ತಂತೆ. ಮುಂದೆ ಬ್ಯಾಗು ಇಡುವ ಜಾಗ, ಮೂಲೆಯಲ್ಲಿ ಮುಚ್ಚಳವಿದ್ದ ಒಂದು ಸಣ್ಣ ಕುಪ್ಪಿ. ಅದೇ ಬ್ರೇಕ್ ಆಯಿಲ್ ಕುಪ್ಪಿ. ಅವರು ಮುಚ್ಚಳ ತಿರುಗಿಸಿ ತೆಗೆದರು. ಬಾಯಿಯಲ್ಲಿ ಪ್ಲಾಸ್ಟಿಕ್ ಜರಡಿ. ಅದರ ಅಂಚಿನಿಂದ ಏನನ್ನೋ ಚಿಮಟದಲ್ಲಿ ಹೆಕ್ಕಿದರು. ಎಲೆಯ ಚೂರು, ಉಗುರಿನಷ್ಟೂ ಇಲ್ಲ.

"ಕಸ ಬಿಡಿ ಮೇಡಂ," ಎಂದರು ನಂಜಪ್ಪ. "ಗಾಡಿ ಎರಡು ದಿನ ತೋಟದ ಮಗ್ಗುಲಲ್ಲಿ ನಿಂತಿತ್ತು."

ಅವರು ಅದನ್ನು ಕಾಗದದಲ್ಲಿ ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಕಿರಣ್‌ನನ್ನು ಕರೆಸಿದ್ದೆವು. ಕಣ್ಣು ಊದಿಕೊಂಡಿತ್ತು. ಸತ್ತವನು ಅವನ ಸ್ನೇಹಿತ.

"ಮೂರನೇ ತಿರುವಿನ ಗೋಡೆಯ ಮುಂದೆ ಪೆಟ್ಟು ತಡೆಯುವ ಟೈರಿನ ಸಾಲು ಯಾಕಿರಲಿಲ್ಲ?" ಶಿವಗಂಗಮ್ಮ ಕೇಳಿದರು.

"ಗೋಡೆಗೆ ಬಣ್ಣ ಹೊಡೀಬೇಕಿತ್ತು. ಸರಿಸಿದ್ವಿ. ವಾಪಸ್ ಇಡೋದು ಮರೆತುಹೋಯ್ತು."

"ಇಟ್ಟಿದ್ದರೆ ಬದುಕುತ್ತಿದ್ದ."

"ಗೊತ್ತು ಮೇಡಂ," ಎಂದ.

"ಟ್ರ್ಯಾಕಿನಲ್ಲಿ ಆ ಕಾರನ್ನು ಯಾರು ಯಾರು ಮುಟ್ಟಿದರು?"

"ಸಂತು ಒಬ್ಬನೇ. ಕ್ಯಾಮೆರಾ ಇದೆ, ಪೂರ್ತಿ ನೋಡಿ."

ನೋಡಿದೆವು. ಸಂತು ಬಾನೆಟ್ಟು ಎತ್ತಿದ್ದು, ಚಕ್ರಕ್ಕೊಮ್ಮೆ ಕೂತಿದ್ದು, ಡಬ್ಬದಿಂದ ಸುರಿದದ್ದು, ಎಲ್ಲವೂ ಅವನು ಹೇಳಿದಂತೆಯೇ ಇತ್ತು. ಬೇರೆ ಬಾಟಲಿ ಇಲ್ಲ, ಬೇರೆ ಕೈ ಇಲ್ಲ.

"ಮಾದಿಹಳ್ಳಿಗೆ ನಡೀರಿ," ಎಂದರು ಶಿವಗಂಗಮ್ಮ. ಗಂಟೆ ಒಂದಾಗಿತ್ತು.

ಹಾರನಹಳ್ಳಿ ದಾಟಿದ ಮೇಲೆ ನಾನೇ ಕೇಳಿದೆ, "ಮನೆಯವರೇ ಯಾರಾದ್ರೂ ಬೇಕಂತ...?"

"ಬೇಕಂತ ಮಾಡಿದ್ದರೆ ಸುಲಭವಿತ್ತು," ಎಂದರು.

ತಿಮ್ಮಯ್ಯ ಜಗಲಿಯ ಮೇಲೆ ಕೂತಿದ್ದರು. ಎರಡೇ ದಿನಕ್ಕೆ ಮುಖ ಇಳಿದುಹೋಗಿತ್ತು. ಅಂಗಳದಲ್ಲಿ ಹಳೇ ಟ್ರ್ಯಾಕ್ಟರ್ ನಿಂತಿತ್ತು.

"ಅವನಿಗೆ ಶಿಕ್ಷೆ ಆಯ್ತದಾ?" ಎಂದು ಅವರೇ ಮೊದಲು ಕೇಳಿದರು.

"ಶನಿವಾರ ಕಾರಿನ ಕೀ ಎಲ್ಲಿತ್ತು?" ಎಂದರು ಶಿವಗಂಗಮ್ಮ.

"ನಡುಮನೆ ಮೊಳೇಲಿ. ಯಾಕೆ?"

"ಟ್ರ್ಯಾಕ್ಟರ್ ಚೆನ್ನಾಗಿ ಇಟ್ಟುಕೊಂಡಿದ್ದೀರಿ."

ಮುದುಕರ ಕಣ್ಣು ಒಂದಿಷ್ಟು ಬೆಳಗಿತು. "ಇಪ್ಪತ್ತೆಂಟು ವರ್ಸ ಆಯ್ತು ಕಣಮ್ಮ, ಒಂದಿನ ಕೈ ಕೊಟ್ಟಿಲ್ಲ. ದೂರ ಹೊಂಟಾಗ್ಲೆಲ್ಲ ಬೇಲೂರಿನ ತೀರ್ಥ ತಂದು ರೇಡಿಯೇಟ್ರಿಗೆ ಹಾಕಿ ಕೈ ಮುಗೀತೀನಿ. ನಮ್ಮಪ್ಪನ ಕಾಲದಿಂದ ನಡೆದು ಬಂದದ್ದು. ನಮ್ಮನೆ ಗಾಡಿಗಳಿಗೆಲ್ಲ ಹಂಗೇ."

"ದೀಪಕ್ ಕಾರಿಗೂ ಹಾಕಿದ್ದಿರಾ?"

ಅವರು ತಡವರಿಸಿದ್ದು ಅಳುಕಿನಿಂದಲ್ಲ, ನಾಚಿಕೆಯಿಂದ.

"ಎರಡು ವರ್ಸ ಆ ಕಾರಿನ ಹತ್ರ ಸುಳಿದಿರ್ಲಿಲ್ಲ ನಾನು. ಅದರ ಮಾತೆತ್ತಿದ್ರೆ ಜಗಳ. ಶನಿವಾರ ಉಣ್ತಾ ಕೂತಾಗ, ಅಪ್ಪ ನಾಳೆ ಬಂದು ಒಂದ್ಸಲ ನೋಡಪ್ಪ, ಅಂದ. ನಾನು ಬತ್ತೀನಿ ಅನ್ಲಿಲ್ಲ. ಬೆಳಿಗ್ಗೆ ಅವನು ಏಳೋಕೆ ಮುಂಚೆ ಹೋಗಿ ಹಾಕಿದೆ. ಹೇಳ್ಲಿಲ್ಲ, ಹೇಳಿದ್ರೆ ನಗ್ತಿದ್ದ."

"ರೇಡಿಯೇಟರ್ ಎಲ್ಲಿತ್ತು?"

"ಮುಂದೆ. ಮುಂದಿರದೆ ಹಿಂದಿರ್ತದಾ? ಒಂದು ಚಿಕ್ಕ ಮುಚ್ಚಳ ಐತೆ. ತುಂಬ ಹಿಡೀಲಿಲ್ಲ, ಮೂರು ಚಮಚ ಅಷ್ಟೆ."

ಎಂಜಿನ್ನಿಲ್ಲದ ಆ ಮುಂದಿನ ಬಾನೆಟ್ಟು ನನ್ನ ಕಣ್ಣ ಮುಂದೆ ಬಂತು. ಶಿವಗಂಗಮ್ಮ ಎದ್ದು ಟ್ರ್ಯಾಕ್ಟರಿನ ಆಚೆ ಹೋದರು. ನಾನೂ ಹಿಂದೆಯೇ ಹೋದೆ.

"ಹೇಳಬೇಡಿ ಮೇಡಂ," ಎಂದೆ. "ವಯಸ್ಸಾದವರು. ಸತ್ತವನು ವಾಪಸ್ ಬರಲ್ಲ."

"ಸಂತು ಬದುಕಿದ್ದಾನಲ್ಲ?" ಎಂದರು.

ನನಗೆ ನಾಚಿಕೆಯಾಯಿತು. ಠಾಣೆಯ ಮೆಟ್ಟಿಲ ಮೇಲೆ ಕೂತವಳನ್ನು ನಾನು ಮರೆತೇಬಿಟ್ಟಿದ್ದೆ.

ಅವರು ವಾಪಸು ಬಂದು ತಿಮ್ಮಯ್ಯನವರ ಎದುರು ಕೂತು, ಕಾಗದ ಬಿಚ್ಚಿ ಎಲೆಯ ಚೂರನ್ನು ತೋರಿಸಿದರು.

"ಇದು ತುಳಸಿ. ಗಾಳಿಗೆ ಹಾರಿಬಂದ ಕಸವಾಗಿದ್ದರೆ ಬಾನೆಟ್ಟಿನ ಮೇಲಿರುತ್ತಿತ್ತು. ತಿರುಗಿಸಿ ಹಾಕುವ ಮುಚ್ಚಳದ ಕೆಳಗೆ, ಜರಡಿಯ ಮೇಲಿತ್ತು. ಅಂದರೆ ಯಾರೋ ಮುಚ್ಚಳ ತೆಗೆದು ಏನನ್ನೋ ಹೊಯ್ದಿದ್ದಾರೆ."

"ಅದೇ ಹೇಳಿದ್ನಲ್ಲಮ್ಮ, ರೇಡಿಯೇಟ್ರಿಗೆ—"

"ಅದು ರೇಡಿಯೇಟರ್ ಅಲ್ಲ. ಆ ಕಾರಿನ ಎಂಜಿನ್ನು ಹಿಂದಿದೆ. ಮುಂದೆ ಕಾಣುವ ಆ ಮುಚ್ಚಳ ಬ್ರೇಕಿನದು."

ಅವರು ಅರ್ಥವಾಗದೆ ನೋಡಿದರು. ಶಿವಗಂಗಮ್ಮ ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಬ್ರೇಕ್ ಆಯಿಲ್‌ನಲ್ಲಿ ನೀರು ಕರಗಿಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸಂತು ಗಾಳಿ ತೆಗೆದಾಗ ಆ ನೀರು ಚಕ್ರಗಳಿಗೆ ಇಳಿಯಿತು. ಊರ ರಸ್ತೆಯಲ್ಲಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಬಲವಾಗಿ ಬ್ರೇಕ್ ತುಳಿಯುತ್ತಾರೆ, ಚಕ್ರದ ತಟ್ಟೆ ಕೆಂಡವಾಗುತ್ತದೆ. ನೀರು ಕುದ್ದು ಆವಿಯಾದರೆ ಪೆಡಲು ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

"ಸಂತುವಿನ ಕೆಲಸದಲ್ಲಿ ತಪ್ಪಿಲ್ಲ," ಎಂದರು. "ನೀರು ಹಾಕಿದ್ದು ನೀವು ತಿಮ್ಮಯ್ಯನವರೇ. ಕೇಡು ಬಯಸಿ ಅಲ್ಲ. ಆದರೆ ನೀವು."

ತಿಮ್ಮಯ್ಯ ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತರು. ಅಳುತ್ತಾರೆಂದುಕೊಂಡೆ. ಅಳಲಿಲ್ಲ.

"ಅವನು ಬಿಡುಗಡೆಯಾಗೋಕೆ ನಾನೇನು ಬರ್ಕೊಡ್ಬೇಕು?" ಎಂದು ಕೇಳಿದರು.

ನಾನು ಬರೆದೆ. ಅವರು ಹೇಳಿದ್ದನ್ನೇ, ಒಂದಕ್ಷರ ಕೂಡಿಸದೆ, ಕಳೆಯದೆ. ಶಿವಗಂಗಮ್ಮ ಅಂಗಳಕ್ಕೆ ಇಳಿದು ನಂಜಪ್ಪನವರಿಗೆ ಫೋನ್ ಮಾಡಿದರು. ಸಂತುವನ್ನು ಕೋರ್ಟಿಗೆ ಒಯ್ಯುವುದು ನಿಂತಿತು.

ಮಾತು ಕೇಳಿ ತಿಮ್ಮಯ್ಯನವರ ಹೆಂಡತಿ ರುಕ್ಮಿಣಮ್ಮ ಹೊರಗೆ ಬಂದರು. ಮಗ ಹೋದ ಮೇಲೆ ಅವರು ಕೋಣೆ ಬಿಟ್ಟು ಬಂದದ್ದು ಅದೇ ಮೊದಲಂತೆ. ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಯಾರು ಅಂತ ಗೊತ್ತಾಯ್ತಾ?"

"ಸಂತು ಅಲ್ಲ ಕಣೇ," ಎಂದರು ತಿಮ್ಮಯ್ಯ. "ನಾನು. ಭಾನುವಾರ ತೀರ್ಥ ಹಾಕಿದ್ನಲ್ಲ, ಅದು ಬ್ರೇಕಿಗೆ ಹೋಗೈತೆ."

ಆಕೆ ಬಂದು ಗಂಡನ ಪಕ್ಕದಲ್ಲಿ ಕೂತರು.

"ನೀವು ಮಲಗಿದ್ರಿ," ಎಂದರು. "ಹೋಗಿ ಹಾಕಿ ಬನ್ನಿ, ಮಗನ ಮೇಲೆ ಎಷ್ಟು ದಿನ ಮುನಿಸು ಅಂತ ಎಬ್ಬಿಸಿ ಕಳಿಸಿದ್ದು ನಾನು."

ತಿಮ್ಮಯ್ಯ ಆಗ ಅತ್ತರು. ಹೇಳಿಕೆಯ ಹಾಳೆಯಲ್ಲಿ ಸಹಿಯ ಮೇಲೆ ಇನ್ನೂ ಎರಡು ಸಾಲಿನ ಜಾಗವಿತ್ತು. ನಾನು ಆಕೆಯ ಮಾತನ್ನು ಅಲ್ಲಿ ಬರೆಯದೆ, ಅಡ್ಡಗೆರೆ ಎಳೆದು, ಹಾಳೆ ಮಡಿಸಿ ಜೇಬಿಗಿಟ್ಟುಕೊಂಡೆ.