ಬೆರ್ಮೆತ್ ಮರೆತ ಚಳಿಗಾಲ

ಬಾಗಿಲಲ್ಲಿ ನಿಂತವನನ್ನು ಕಂಡೊಡನೆ ಬೆರ್ಮೆತ್‌ಳ ಮುಖ ಅರಳಿತು. ಅವನ ಮುಖ ಬಿಳಿಚಿಕೊಂಡಿತು.

"ಕುಬಾತ್... ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ? ಆಸ್ಪತ್ರೆ ಅಂದ್ರೆ ಭಯಾನಾ ನಿಂಗೆ?"

ಅವಳು ಮೆಚ್ಚಿದ್ದ ಕುಬಾತ್ ಹೊಸ್ತಿಲು ದಾಟದೆ ನಿಂತ. ಇನ್ನು ನಿನ್ನ ಮುಖ ತೋರಿಸಬೇಡ ಎಂದು ಹೋದ ಚಳಿಗಾಲದಲ್ಲಿ ಇದೇ ಬೆರ್ಮೆತ್ ಅವನನ್ನು ಅಂಗಳದಿಂದ ಅಟ್ಟಿದ್ದಳು. ಅವಳಿಗೆ ಅದರ ನೆನಪೇ ಇರಲಿಲ್ಲ.

ಅಣ್ಣ ಸಮತ್ ಹಿಮಕುಸಿತಕ್ಕೆ ಸಿಕ್ಕು ಸತ್ತ ಮೇಲೆ ಅವಳು ಮಾತು ಬಿಟ್ಟಳು, ಊಟ ಬಿಟ್ಟಳು, ಕೊನೆಗೆ ನೀರನ್ನೂ ಬಿಟ್ಟಳು. ಯಾವ ಔಷಧಿಯೂ ಕೈಹಿಡಿಯದಿದ್ದಾಗ ಕರಾಕೋಲ್ ಪಟ್ಟಣದ ವೈದ್ಯರು ಅರಿವಳಿಕೆ ಕೊಟ್ಟು ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ ಶುರುಮಾಡಿದರು. ಅವಳು ಉಳಿದಳು. ಆದರೆ ಆ ಚಳಿಗಾಲ ಅವಳೊಳಗಿಂದ ಅಳಿಸಿಹೋಯಿತು. ಹೊಸದಾಗಿ ಕೇಳಿದ್ದೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ.

ಅಂಥವರಿಗೆ ತಾಜಿಗುಲ್ ಎಂಬಾಕೆ ನೆನಪಿನ ತರಬೇತಿ ಕೊಡುತ್ತಿದ್ದಳು. ಒಂದು ಸಂಗತಿ ಹೇಳಿ ಕೂಡಲೇ ಕೇಳುವುದು, ಚಹಾ ಕುಡಿದ ಮೇಲೆ ಕೇಳುವುದು, ಮರುದಿನ ಮತ್ತೆ ಕೇಳುವುದು. ಜೊತೆಗೆ ಹತ್ತಿರದವರೊಬ್ಬರು ಕೂರಬೇಕು. ಮಗಳು ಕುಬಾತ್‌ನನ್ನೇ ಕೇಳುತ್ತಿದ್ದಳೆಂದು ತಾಯಿ ಅವನಿಗೆ ಹೇಳಿಕಳಿಸಿದ್ದಳು. ಹಳೆಯದನ್ನು ಎತ್ತಬೇಡವೆಂದು ಮಾತು ತೆಗೆದುಕೊಂಡಿದ್ದಳು.

ಅಣ್ಣ ಇಲ್ಲ ಎಂಬುದನ್ನೂ ಅವಳಿಗೆ ಕಲಿಸಬೇಕಾಯಿತು! ಪ್ರತಿಸಲ ಅದು ಅವಳಿಗೆ ಹೊಸ ಸುದ್ದಿ. ಪ್ರತಿಸಲ ಅದೇ ಅಳು. ಕುಬಾತ್ ಗೋಡೆ ನೋಡುತ್ತಾ ಕುಳಿತಿರುತ್ತಿದ್ದ.

ಕೊನೆಗೊಮ್ಮೆ ಅದು ಮನಸ್ಸಿನಲ್ಲಿ ನಿಂತಿತು. ಆಸ್ಪತ್ರೆಯಿಂದ ಮನೆಗೆ ಬಂದವಳಿಗೆ ಆಗ ಬೇರೆಯದೇ ಕಾಟ ಶುರುವಾಯಿತು. ಮನೆಯಲ್ಲಿ ಯಾರೋ ಹೊಸ್ತಿಲಿಗೆ ಬೂಟು ಬಡಿದು ಹಿಮ ಕೊಡವಿದಂತೆ ಸದ್ದು... ಹೊರಗೆ ನೋಡಿದರೆ ಬೇಸಿಗೆಯ ಬಿಸಿಲು. ಚಹಾ ಬಗ್ಗಿಸುವಾಗ ಅವಳ ಕೈ ತಾನಾಗಿ ಇನ್ನೊಂದು ಬಟ್ಟಲು ಇಡುತ್ತಿತ್ತು. ಅಣ್ಣ ಹೇಗೆ ಹೋದ ಎಂದು ಕೇಳಿದರೆ ತಾಯಿ ಹಿಮ ಎಂದಷ್ಟೇ ಹೇಳಿ ಎದ್ದುಹೋಗುತ್ತಿದ್ದಳು. ಕುಬಾತ್ ತಲೆ ತಗ್ಗಿಸುತ್ತಿದ್ದ.

ಇವನು ಏನೋ ಮುಚ್ಚಿಡುತ್ತಿದ್ದಾನೆ... ನನ್ನ ಮೇಲೆ ಇವನಿಗಿರುವುದು ಬರೀ ಕನಿಕರ ಎಂದುಕೊಂಡಳು ಬೆರ್ಮೆತ್. ಒಂದು ಮಧ್ಯಾಹ್ನ ಕೇಳಿಯೇಬಿಟ್ಟಳು.

"ಬೇರೆ ಯಾರನ್ನಾದ್ರೂ ನೋಡ್ಕೊಂಡಿದ್ರೆ ಹೇಳ್ಬಿಡು. ಮರೆಯೋದು ನಂಗೀಗ ಸುಲಭ."

ಆ ಮಾತು ಅವನನ್ನು ಇರಿಯಿತು. ತಾಯಿಗೆ ಕೊಟ್ಟ ಮಾತು ಮುರಿದು ಎಲ್ಲವನ್ನೂ ಹೇಳಿದ. ಸಮತ್ ಸತ್ತ ದಿನದ ಮರುದಿನವೇ ಅವರಿಬ್ಬರ ನಿಶ್ಚಿತಾರ್ಥವಿತ್ತು. ಹಿಮ ಬೀಳುತ್ತಿದೆ, ಕಣಿವೆ ದಾಟುವುದು ಬೇಡ ಎಂದಿದ್ದ ಸಮತ್. ನಿಶ್ಚಿತಾರ್ಥಕ್ಕೆ ತಲುಪಲೇಬೇಕೆಂದು ಕುಬಾತ್ ಹಟ ಹಿಡಿದು ಲಾರಿ ಹೊರಡಿಸಿದ. ಚಕ್ರ ಹೂತಾಗ ಇಳಿದು ಹಿಮ ತೋಡುತ್ತಿದ್ದವನು ಸಮತ್. ಗುಡ್ಡದ ಹಿಮ ಜಾರಿದ್ದು ಆಗಲೇ.

"ನೀನು ನನ್ನನ್ನ ಅಟ್ಟಿಬಿಟ್ಟಿದ್ದೆ, ಬೆರ್ಮೆತ್. ಆಮೇಲೆ ಮರೆತೆ. ನಾನು ಅದನ್ನೇ ಕ್ಷಮೆ ಅಂದ್ಕೊಂಡು ಬಂದು ಕೂತೆ."

ಅವಳು ಕಿಟಕಿಯತ್ತ ತಿರುಗಿ ಕುಳಿತಳು. ಅವನು ಎದ್ದು ಬಾಗಿಲವರೆಗೆ ಹೋದಾಗ ಅವಳ ದನಿ ಕೇಳಿಸಿತು.

"ನಾಳೆಗೆ ಇದೂ ಹೋಗಿರತ್ತೆ. ನಾಳೆ ಬಂದು ಮತ್ತೆ ಹೇಳ್ಬೇಕು."

ಅಂದೇ ವಿಷಯ ತಿಳಿದ ತಾಜಿಗುಲ್ ಹಿಂಜರಿದಳು. ಈಗಲೇ ಬೇಡ, ಗಾಯ ಹಸಿಯಾಗಿದೆ ಎಂದಳು. ಬೆರ್ಮೆತ್ ಪಟ್ಟು ಬಿಡಲಿಲ್ಲ. ವೈದ್ಯರ ಒಪ್ಪಿಗೆ ಪಡೆದು, ನಿಧಾನವಾಗಿ, ಅದೂ ತರಬೇತಿಯ ಪಾಠವಾಯಿತು.

ಅವನು ಹೇಳಿದ. ಅವಳು ಮರೆತಳು. ಮತ್ತೆ ಹೇಳಿದ. ಒಮ್ಮೆ ಬಿಕ್ಕಿ ಅತ್ತಳು, ಒಮ್ಮೆ ಬಟ್ಟಲು ಎಸೆದಳು, ಒಮ್ಮೆ ಹಳೆಯ ಮಾತನ್ನೇ ಹೊಸದಾಗಿ ಆಡಿ ಅವನನ್ನು ಹೊರಗಟ್ಟಿದಳು. ಮರುದಿನ ನಗುತ್ತಾ ಬರಮಾಡಿಕೊಂಡಳು. ಆ ನಗುವೇ ಅವನಿಗೆ ಶಿಕ್ಷೆ. ತನ್ನ ಬಾಯಿಂದಲೇ ಅದನ್ನು ಅಳಿಸಬೇಕಲ್ಲ... ಆದರೂ ಬರುವುದನ್ನು ಅವನು ತಪ್ಪಿಸಲಿಲ್ಲ.

ಸೇಬುಗಳು ಕೆಂಪಾಗುವ ಹೊತ್ತಿಗೆ, ಒಂದು ಬೆಳಿಗ್ಗೆ ಅವನು ಬಾಯಿ ತೆರೆಯುವ ಮೊದಲೇ ಅವಳು ಕೈ ಎತ್ತಿ ತಡೆದಳು. ಅಂದು ಅವಳು ನಗಲಿಲ್ಲ. ಕಣಿವೆ, ಹಿಮ, ಅವನ ಹಟ, ಅಣ್ಣನ ಮಾತು... ಎಲ್ಲವನ್ನೂ ತಾನೇ ಹೇಳಿದಳು. ಒಂದನ್ನೂ ಬಿಡಲಿಲ್ಲ.

ಕುಬಾತ್ ಟೋಪಿ ಕೈಗೆತ್ತಿಕೊಂಡು ಎದ್ದ. ಪಾಠ ಮುಗಿಯಿತು, ಇನ್ನು ತನಗಿಲ್ಲಿ ಕೆಲಸವಿಲ್ಲ ಎಂದುಕೊಂಡ.

"ಕೂತ್ಕೋ," ಎಂದಳು ಬೆರ್ಮೆತ್. "ಮರೆತು ಒಪ್ಕೊಂಡ್ಳು ಅಂತ ಯಾರೂ ಅನ್ನಬಾರ್ದು, ನೀನೂ ಅನ್ನಬಾರ್ದು. ಅದಕ್ಕೇ ನೆನಪು ನಿಲ್ಲೋವರೆಗೂ ಹೇಳಿಸ್ಕೊಂಡೆ. ಈಗ ಎಲ್ಲಾ ಗೊತ್ತಿದ್ದೇ ಕೇಳ್ತಿದ್ದೀನಿ... ನನ್ನ ಜೊತೆ ಇರ್ತೀಯಾ?"

ಟೋಪಿ ಕೈಯಲ್ಲೇ ಹಿಡಿದು ಅವನು ಕೇಳಿದ.

"ಸಮತ್ ನೆನಪಾದಾಗ ನನ್ನ ಮುಖ ನೋಡೋಕಾಗತ್ತಾ ನಿಂಗೆ?"

ಅವಳಿಗೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ.

"ಕೆಲವು ದಿನ ಆಗಲ್ಲ, ಕುಬಾತ್. ಅವತ್ತು ಎದುರಿಗೆ ಕೂರಬೇಡ... ಪಕ್ಕಕ್ಕೆ ಬಾ."

ಅವನು ಮೇಜು ಬಳಸಿ ಬಂದು ಅವಳ ಪಕ್ಕದಲ್ಲಿ ಕುಳಿತ.