ಮೊದಲು ಇಳಿಯುವವರು

ಟಕ್. ತುಸು ಹೊತ್ತು ಬಿಟ್ಟು ಮತ್ತೆ ಟಕ್. ನಿದ್ದೆ ಬಾರದ ರಾತ್ರಿಗಳಲ್ಲಿ ಡೇರೆಗಳ ಸುತ್ತ ಅಡ್ಡಾಡುತ್ತ, ಸೊಂಟದ ಬೆಲ್ಟಿಗೆ ಹಗ್ಗ ಸಿಕ್ಕಿಸುವ ಉಕ್ಕಿನ ಕೊಂಡಿಯನ್ನು ತೆಗೆಯುವುದು, ಮುಚ್ಚುವುದು ಶ್ರೀಶೈಲನ ಚಟ. ಹೆಂಗಸರ ಡೇರೆಯೊಳಗೆ ದಾನೇಶ್ವರಿ ಕಣ್ಣು ತೆರೆದುಕೊಂಡೇ ಮಲಗಿದ್ದಳು. ಕೊಂಡಿ ಸರಿಯಾಗಿ ಕೂತಿತು ಎಂದು ಹೇಳುವ ಆ ಸಣ್ಣ ಸದ್ದು ಒಂದು ಕಾಲಕ್ಕೆ ಅವಳಿಗೆ ಧೈರ್ಯ ಕೊಡುತ್ತಿತ್ತು. ಈಗ ಅದು ಕಿವಿಗೆ ಬಿದ್ದರೆ ಮಗ್ಗಲು ಬದಲಿಸುತ್ತಿದ್ದಳು. ಒಬ್ಬ ಹುಡುಗಿಯ ಸೊಂಟದ ಬೆಲ್ಟನ್ನು ಅರ್ಧಕ್ಕೇ ಬಿಟ್ಟ ಕೈ, ನೋಡುವವರಿಲ್ಲದ ಕತ್ತಲಲ್ಲಿ ಎಷ್ಟು ಕಾಳಜಿಯಿಂದ ಕೊಂಡಿ ಮುಚ್ಚುತ್ತಿದೆ ಎಂದುಕೊಂಡಳು.

ಅವರಿಬ್ಬರೂ ಗೈಡುಗಳು. ಮುದ್ದೇಬಿಹಾಳದ ಅನೀಲಕುಮಾರ ನಡೆಸುವ ಸಾಹಸ ಪ್ರವಾಸದ ಕಂಪನಿ ಅದು. ಕೃಷ್ಣೆಯ ಹಿನ್ನೀರಿನಲ್ಲಿ ದೋಣಿ ಹುಟ್ಟು ಹಾಕಿಸುವುದು, ಬಸವನ ಬಾಗೇವಾಡಿ ಕಡೆಯ ಕೆಂಪು ಕಲ್ಲಿನ ಗುಡ್ಡದಿಂದ ಹಗ್ಗ ಹಿಡಿದು ಇಳಿಸುವುದು, ರಾತ್ರಿ ದಂಡೆಯ ಮೇಲೆ ಡೇರೆಯಲ್ಲಿ ಮಲಗಿಸುವುದು. ಶ್ರೀಶೈಲ ಅನೀಲಕುಮಾರನ ಹೆಂಡತಿಯ ತಮ್ಮ. ದಾನೇಶ್ವರಿ ಸಿಂದಗಿಯಲ್ಲಿ ಬಿ.ಎ. ಮುಗಿಸಿದ ಯಂಕಂಚಿಯ ಹುಡುಗಿ. ಹಗ್ಗದ ಕೆಲಸವನ್ನು ಅವಳು ಕಲಿತದ್ದೇ ಅವನಿಂದ. ಅವನು ಅವಳನ್ನು ದಾನಮ್ಮ ಎನ್ನುತ್ತಿದ್ದ, ಅವಳು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು, ಈಗಲೂ.

ಕಳೆದ ದೀಪಾವಳಿಯ ರಜೆಯಲ್ಲಿ ಇಂಡಿಯಿಂದ ಕಾಲೇಜಿನವರು ಬಂದಿದ್ದರು. ಹೆಣ್ಣುಮಕ್ಕಳ ಸೊಂಟಕ್ಕೆ ಬೆಲ್ಟ್ ಕಟ್ಟುವುದು ಹೆಣ್ಣು ಗೈಡಿನ ಕೆಲಸ. ಈ ಕಡೆ ಅದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದೂ ಇಲ್ಲ. ಅವತ್ತು ಗದ್ದಲವಿತ್ತು. ದಾನೇಶ್ವರಿ ತಲೆ ಸುತ್ತಿ ಕೂತ ಒಬ್ಬಳಿಗೆ ನೀರು ಕುಡಿಸುತ್ತಿದ್ದಳು. ಶ್ರೀಶೈಲ ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ವಿಜಯಶ್ರೀ ಎಂಬ ಹುಡುಗಿಯ ಬೆಲ್ಟ್ ಕಟ್ಟಿದ. ಪಟ್ಟಿಯನ್ನು ಬಕಲಿನೊಳಗೆ ತಿರುಗಿಸಿ ಇನ್ನೊಮ್ಮೆ ಎಳೆಯಲಿಲ್ಲ. ಅರ್ಧ ಬಂಡೆ ಇಳಿಯುವಷ್ಟರಲ್ಲಿ ಪಟ್ಟಿ ಜಾರಿತು. ಹುಡುಗಿ ಬದುಕಿದಳು, ಆದರೆ ಮತ್ತೆಂದೂ ಎದ್ದು ನಿಲ್ಲಲಿಲ್ಲ. ತಲೆಗೆ ಪೆಟ್ಟು ಬಿದ್ದು ಅವಳಿಗೆ ಆ ದಿನದ ನೆನಪೇ ಉಳಿಯಲಿಲ್ಲ.

'ಬೆಲ್ಟ್ ಕಟ್ಟಿದಾಕಿ ದಾನಮ್ಮ,' ಎಂದ ಶ್ರೀಶೈಲ. ಅಷ್ಟೇ ಸಾಕಾಯಿತು. ಹೆಣ್ಣುಮಕ್ಕಳ ಬೆಲ್ಟನ್ನು ಇನ್ಯಾರು ಕಟ್ಟುತ್ತಾರೆ? ಅವಳು ಹೇಳಿದ್ದನ್ನು ಅನೀಲಕುಮಾರ ನೆಲ ನೋಡುತ್ತ ಕೇಳಿಸಿಕೊಂಡು, ಮುಂದಿನ ಹಂಗಾಮಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳುವುದಾಗಿ ಹೇಳಿದ. ಯಂಕಂಚಿಯಲ್ಲಿ ಅವಳಿಗೆ ಹೊಸ ಹೆಸರೇ ಬಿತ್ತು: ಹುಡುಗೀನ ಬೀಳಿಸಿದಾಕಿ. ಹೆಣ್ಣು ನೋಡಲು ಬರುತ್ತೇವೆಂದಿದ್ದ ಆಲಮೇಲದ ಬೀಗರು ಬರಲಿಲ್ಲ. ಅವಳ ಅವ್ವ ಹೊನ್ನವ್ವ ನಳದ ಕಡೆ ಹೋಗುವುದನ್ನೇ ಬಿಟ್ಟಳು. ಇತ್ತ ಗುಡ್ಡದ ಮೇಲೆ ಅವಳು ಕಟ್ಟಿದ ಪ್ರತಿ ಬೆಲ್ಟನ್ನೂ ಶ್ರೀಶೈಲ ಎಲ್ಲರೆದುರು ಜಗ್ಗಿ ನೋಡುತ್ತಿದ್ದ. 'ದಾನಮ್ಮ ಕಟ್ಯಾಳ, ಒಮ್ಮಿ ನೋಡಿಬಿಡೂನು,' ಎಂದು ನಗುತ್ತಿದ್ದ. ಬಂದವರೂ ನಗುತ್ತಿದ್ದರು.

ಇನ್ನು ಸೋಮವಾರ ವಿಜಯಶ್ರೀಯ ಅಪ್ಪ ಬಸಂತರಾಯ ಬರುವವನಿದ್ದ. ಇಂಡಿಯ ನಿಂಬೆಹಣ್ಣಿನ ವ್ಯಾಪಾರಿ, ಹೆಚ್ಚು ಮಾತಾಡದ ಮನುಷ್ಯ. ಕೋರ್ಟಿಗೆ ಹೋಗುವ ಮೊದಲು ಇಬ್ಬರು ಗೈಡುಗಳ ಬಾಯಿಂದಲೂ ಒಮ್ಮೆ ಕೇಳಬೇಕು ಎಂದಿದ್ದನಂತೆ. ಕೇಳಿ ಏನು ಮಾಡುತ್ತಾನೆ? ಅವಳ ಮಾತಿಗೆ ಎದುರು ಶ್ರೀಶೈಲನ ಮಾತು. ಅವಳ ಕಡೆ ಇರುವುದು ನಿಜವೊಂದೇ, ಅದು ಯಾರ ಕಣ್ಣಿಗೂ ಕಾಣುವಂಥದ್ದಲ್ಲ.

ಕಾಣುವಂತೆ ಮಾಡಬೇಕು ಎಂದು ಅವಳಿಗೆ ಹೊಳೆದದ್ದು ಒಂದು ಮಧ್ಯಾಹ್ನ, ಪಾತ್ರೆ ತೊಳೆಯುವಾಗ. ಶ್ರೀಶೈಲ ತನ್ನ ನಿಷ್ಕಾಳಜಿಯಿಂದಲೇ ಅದೇ ಬಂಡೆಯಿಂದ ಬಿದ್ದರೆ, ಅವಳು ಬಾಯಿ ಬಿಡುವುದೇ ಬೇಡ. ಓಹೋ, ಇವನು ಹೀಗೆ, ಹಾಗಾದರೆ ಆ ಹುಡುಗಿಯದೂ ಹೀಗೇ ಆಗಿರಬೇಕು ಎಂದು ಜನ ತಾವೇ ಲೆಕ್ಕ ಹಾಕುತ್ತಾರೆ. ಅವನು ಸಾಯಬೇಕೆಂದು ಅವಳು ಬಯಸಲಿಲ್ಲ. ಸಾಯಬಾರದೆಂದೂ ಬಯಸಲಿಲ್ಲ. ಆ ವಿಚಾರ ಬಂದಾಗಲೆಲ್ಲ ಇನ್ನೊಂದು ಪಾತ್ರೆ ಎತ್ತಿಕೊಳ್ಳುತ್ತಿದ್ದಳು.

ಉಪಾಯ ತಾನಾಗಿಯೇ ಕೂಡಿಬಂತು. ಬಂದವರನ್ನು ಇಳಿಸುವಾಗ ಎರಡು ಹಗ್ಗ ಇರುತ್ತವೆ. ಒಂದನ್ನು ಹಿಡಿದು ಅವರು ಇಳಿಯುತ್ತಾರೆ, ಅವರ ಬೆಲ್ಟಿಗೇ ಕಟ್ಟಿದ ಇನ್ನೊಂದನ್ನು ಮೇಲಿನಿಂದ ಗೈಡು ಹಿಡಿದಿರುತ್ತಾನೆ. ಆದರೆ ಎಲ್ಲರಿಗಿಂತ ಮೊದಲು ಇಳಿಯುವ ಗೈಡಿಗೆ ಒಂದೇ ಹಗ್ಗ. ಮೊದಲು ಇಳಿಯುವವನು ಯಾವಾಗಲೂ ಶ್ರೀಶೈಲ. ಬಂಡೆಯ ಅಂಚಿಗೆ ಹಗ್ಗ ತಾಗದಂತೆ ಗೋಣಿಚೀಲ ಮಡಚಿ ಇಡಬೇಕು, ಅವನು ಇಡುವುದಿಲ್ಲ. ಹಗ್ಗವನ್ನು ದಿನವೂ ನೋಡಬೇಕು, ಅವನು ನೋಡುವುದಿಲ್ಲ. ಇದು ಅನೀಲಕುಮಾರನಿಗೂ ಗೊತ್ತು, ಅಡುಗೆಯ ಪರಶುವಿಗೂ ಗೊತ್ತು. ಚೀಲ ಇಡದ ಅಂಚಿನಲ್ಲಿ ಹಗ್ಗ ಸವೆದು ಹರಿದರೆ ಯಾರು ಯಾರನ್ನು ಕೇಳುತ್ತಾರೆ?

ಚಾಕು ಬೇಡ. ಚಾಕುವಿನ ಗಾಯ ನೆಟ್ಟಗೆ, ನುಣ್ಣಗೆ ಇರುತ್ತದೆ. ಆ ಬಂಡೆಯದೇ ಕಲ್ಲಿನ ಚೂರೊಂದನ್ನು ತಂದಳು. ಶುಕ್ರವಾರ ಉಂಡು ಎಲ್ಲರೂ ಬೇವಿನ ನೆರಳಲ್ಲಿ ಅಡ್ಡಾದಾಗ ಸಾಮಾನಿನ ಖೋಲಿಯಲ್ಲಿ ಶ್ರೀಶೈಲ ದಿನವೂ ಇಳಿಯುವ ಹಗ್ಗ ಹಿಡಿದು ಕೂತಳು. ಹಗ್ಗಕ್ಕೆ ಹೊರಗೆ ಬಣ್ಣದ ನೇಯ್ಗೆ, ಒಳಗೆ ಭಾರ ಹೊರುವ ಬಿಳಿ ಎಳೆಗಳು. ಮರಕ್ಕೆ ಕಟ್ಟಿದ ಮೇಲೆ ಯಾವ ಜಾಗ ಅಂಚಿನ ಮೇಲೆ ಕೂರುತ್ತದೆ ಎಂಬುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಅಲ್ಲಿ ಒಂದು ಮಗ್ಗುಲಿಗೆ ತಾಳ್ಮೆಯಿಂದ ತಿಕ್ಕಿದಳು. ಒಳಗಿನ ಎಳೆಗಳು ನೂಲಿನಷ್ಟು ಉಳಿದಾಗ ನಿಲ್ಲಿಸಿ, ಅಂಗಿಯ ತೋಳು ಇಳಿಸಿದಂತೆ ಪಕ್ಕದ ನೇಯ್ಗೆಯನ್ನು ಜಾರಿಸಿ ಗಾಯ ಮುಚ್ಚಿದಳು. ಉದ್ದಕ್ಕೂ ಕೆಂಪು ಮಣ್ಣು ಸವರಿದಳು. ಈಗ ಅದು ಎಲ್ಲ ಹಗ್ಗಗಳಂತೆ ಒಂದು ಹಳೆಯ ಹಗ್ಗ. ಕೈ ತೊಳೆದುಕೊಂಡು ಬಂದು ಪರಶುವಿಗೆ ಚಹಾ ಇಡಲು ಹೇಳಿದಳು. 

ಶನಿವಾರ ಬಂದವರು ಸಿಂದಗಿ ತಾಲೂಕಿನ ಅಂಗನವಾಡಿ ಕಾರ್ಯಕರ್ತೆಯರು. ಸೀರೆ ಬಿಟ್ಟು ಮಗಳ ಚೂಡಿದಾರವನ್ನೋ ಸೊಸೆಯ ಚೂಡಿದಾರವನ್ನೋ ಹಾಕಿಕೊಂಡು ಬಂದು, ಒಬ್ಬರನ್ನೊಬ್ಬರು ನೋಡಿ ನಕ್ಕು ಸಾಕಾಗಿದ್ದರು. ಅವರ ಮುಂದಾಳು ರಮಜಾನಬಿ, ನಿವೃತ್ತಿಗೆ ಹತ್ತಿರವಾದ ದಪ್ಪ ಹೆಂಗಸು. ಶೇಂಗಾ ಹಿಂಡಿ, ರೊಟ್ಟಿ ಎಲ್ಲ ಕಟ್ಟಿಕೊಂಡೇ ಬಂದಿದ್ದಳು, ಇವರ ಅಡುಗೆಯ ಮೇಲೆ ನಂಬಿಕೆಯಿಲ್ಲದೆ. ದಾನೇಶ್ವರಿ ಕೆಳಗೆ ಡೇರೆಯಲ್ಲೇ ಎಲ್ಲರಿಗೂ ಬೆಲ್ಟ್ ಕಟ್ಟಿದಳು. ಹೆಂಗಸರ ಸೊಂಟಕ್ಕೆ ಕೈ ಹಾಕುವುದಾಗದೆ ಶ್ರೀಶೈಲ ಅವತ್ತು ಜಗ್ಗಿ ನೋಡಲಿಲ್ಲ.

ಗುಡ್ಡ ಹತ್ತಿದರು. ಶ್ರೀಶೈಲ ಚೀಲ ಬೋರಲು ಹಾಕಿ ಹಗ್ಗವನ್ನು ಮರದ ಬುಡಕ್ಕೆ ಸುರುವಿದ. ತಾನು ಮೊದಲು ಇಳಿದು ತೋರಿಸುವುದಾಗಿಯೂ, ಆಮೇಲೆ ಕೆಳಗೆ ನಿಂತು ಒಬ್ಬೊಬ್ಬರನ್ನೇ ಹಿಡಿದು ಬೆಲ್ಟಿನ ಕೊಂಡಿ ಬಿಚ್ಚುವುದಾಗಿಯೂ ಹೇಳಿದ. ಹೆಂಗಸರ ನಗು ನಿಂತಿತು.

'ಯಾರು ಬಿಚ್ಚೋರು? ನೀನಾ?' ಎಂದಳು ರಮಜಾನಬಿ.

'ಹೌದ್ರಿ ಚಾಚಿ. ದಿನಾ ನಾನ ಬಿಚ್ಚೂದು.'

'ದಿನಾ ಬರೋರು ಹುಡುಗರಿರಬೇಕಪಾ. ಇಲ್ಲಿ ಅತ್ತಿ ಮನಿಗೆ ಹೊಳ್ಳಿ ಹೋಗೋರು ಅದಾರ. ಇಷ್ಟ ಮಂದಿ ಫೋನಿನ್ಯಾಗ ಫೋಟೋ ಹೊಡೀತಾರ. ನೀ ಮ್ಯಾಲ ಇರು. ಆ ತಂಗೀನ ಮೊದಲ ಕಳಸು, ಆಕಿ ಬಿಚ್ಚತಾಳ.'

ಯಾರೋ ಹಿಂದಿನಿಂದ ತಾನಂತೂ ಇಳಿಯುವುದಿಲ್ಲ, ಕೂತು ರೊಟ್ಟಿ ತಿನ್ನುತ್ತೇನೆ ಎಂದಳು. ಶ್ರೀಶೈಲ ನಕ್ಕು, ಕೈಗವಸು ಕಳಚಿದ. 'ಖರೇನ ಐತಿ. ದಾನಮ್ಮ, ನೀ ಇಳಿ.'

ದಾನೇಶ್ವರಿ ಮರದ ಬುಡದ ಹಗ್ಗವನ್ನು ನೋಡಿದಳು. ಹಗ್ಗ, ಕಲ್ಲು, ಅಂಚು, ಅವನ ಚಟಗಳು, ಎಲ್ಲವನ್ನೂ ಎಣಿಸಿದ್ದಳು. ಬರುವವರು ಹೆಂಗಸರೆಂಬುದೂ ಗೊತ್ತಿತ್ತು. ಹೆಂಗಸರು ಬಂದರೆ ಕೆಳಗೆ ಯಾರು ನಿಲ್ಲಬೇಕು ಎಂಬುದೊಂದನ್ನು, ಸ್ವತಃ ಹೆಂಗಸಾಗಿ, ಎಣಿಸಿರಲಿಲ್ಲ. ತಲೆನೋವು ಎನ್ನಬಹುದು. ಆದರೆ ಆಗ ಇವರಲ್ಲೇ ಒಬ್ಬ ಗಟ್ಟಿ ಹೆಂಗಸು ಮುಂದೆ ಬಂದರೆ? ಶ್ರೀಶೈಲ ಆಗಲೇ ಹಗ್ಗದ ತುದಿಯನ್ನು ಮರಕ್ಕೆ ಸುತ್ತಲು ಬಾಗುತ್ತಿದ್ದ.

ಆ ಇಕ್ಕಟ್ಟಿನಲ್ಲಿ ದಾರಿ ಹೊಳೆಯಿತು, ಅದು ಎಷ್ಟು ಸರಳವಾಗಿತ್ತೆಂದರೆ ಅವಳಿಗೆ ಅಳು ಬಂದಂತಾಯಿತು. ಯಾರೂ ಬೀಳುವುದು ಬೇಡ. ಅವನು ನೋಡದೆ ಕಟ್ಟಲು ಹೊರಟ ಹಗ್ಗವನ್ನು ಇಷ್ಟು ಜನರೆದುರು ಅವಳು ನೋಡಿದರೆ ಸಾಕು.

'ತಡೀರಿ ಅಣ್ಣಾ. ಹಗ್ಗ ನೋಡತೇನಿ.'

ಮೊಣಕಾಲೂರಿ ಕೂತಳು. ಹಗ್ಗವನ್ನು ಕೈಗೆತ್ತಿಕೊಂಡು ನೇಯ್ಗೆಯನ್ನು ಹಿಂದಕ್ಕೆ ಸರಿಸಿ ಎಲ್ಲರಿಗೂ ತೋರಿಸಿದಳು. ಒಳಗಿನ ಬಿಳಿ ಎಳೆಗಳು ಹರಿದ ಗೊಂಡೆಯಂತೆ ಹೊರಗೆ ಬಂದವು.  ರಮಜಾನಬಿ ಶ್ರೀಶೈಲನ ಕಡೆ ತಿರುಗಿದಳು. ದನಿ ಏರಿಸದೆಯೇ, ಬಾಲವಾಡಿಯ ಮಗುವಿಗೆ ಹೇಳುವಂತೆ, 'ಇದರ ಮ್ಯಾಲ ನಮ್ಮನ್ನ ಇಳಸಾಂವ ಇದ್ದೇನಪಾ ನೀ?' ಎಂದಳು.  ಶ್ರೀಶೈಲ ಹಗ್ಗವನ್ನು ನೋಡಲಿಲ್ಲ, ದಾನೇಶ್ವರಿಯ ಕೈಯನ್ನೇ ನೋಡುತ್ತಿದ್ದ.

ಬೇರೆ ಹಗ್ಗ ತರಿಸಿದರು. ಅದನ್ನು ದಾನೇಶ್ವರಿಯೇ ಕಟ್ಟಿದಳು, ಅಂಚಿಗೆ ಗೋಣಿಚೀಲ ಇಟ್ಟಳು, ಮೊದಲು ಇಳಿದಳು. ಹೆಂಗಸರು ಕಿರುಚುತ್ತ, ದೇವರನ್ನು ನೆನೆಯುತ್ತ ಇಳಿದು ಬಂದು ಅವಳನ್ನು ಅಪ್ಪಿಕೊಂಡರು. ಬಸ್ಸು ಹತ್ತುವ ಮುಂಚೆ ರಮಜಾನಬಿ ಅನೀಲಕುಮಾರನಿಗೆ ಫೋನು ಹಚ್ಚಿ ನಡೆದದ್ದೆಲ್ಲವನ್ನೂ ಒದರಿದಳು. ಬಸ್ಸು ಹೋದ ಮೇಲೆ ಅವನೇ ದಾನೇಶ್ವರಿಗೆ ಫೋನು ಮಾಡಿದ. 'ಸೋಮವಾರ ಬಸಂತರಾಯರು ಬಂದಾಗ, ನೀ ಅವತ್ತ ನನಗ ಏನ ಹೇಳಿದ್ದಿ ಅದನ್ನ ಇನ್ನೊಮ್ಮಿ ಹೇಳವಾ. ನಾ ಆವಾಗ ಸರಿಯಾಗಿ ಕೇಳಲಿಲ್ಲ,' ಎಂದ. ಅವಳು ಡೇರೆಯ ಹಿಂದೆ ಹೋಗಿ ಬಾಯಿಗೆ ಓಢಣಿ ಒತ್ತಿಕೊಂಡು ಅತ್ತಳು. ಅವ್ವನಿಗೆ ಹೇಳಬೇಕು, ನಳಕ್ಕೆ ಹೋಗು ಎಂದು ಹೇಳಬೇಕು ಎಂದುಕೊಂಡಳು.

ಮುಖ ತೊಳೆದು ಬಂದಾಗ ಶ್ರೀಶೈಲ ಸಾಮಾನಿನ ಖೋಲಿಯ ಮುಂದೆ ಆ ಹಗ್ಗವನ್ನು ಗುಡ್ಡೆ ಹಾಕಿಕೊಂಡು ಕೂತಿದ್ದ. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಗುಡ್ಡೆಯಲ್ಲಿ ತಡಕಾಡಿ ತುದಿ ಹುಡುಕಿ, ಅಲ್ಲಿಂದ ಒಂದೊಂದೇ ಮಾರು ಬೆರಳುಗಳ ನಡುವೆ ಒತ್ತಿ ಎಳೆಯತೊಡಗಿದ, ಯಾವ ಗೈಡಿಗೂ ಮೊದಲ ದಿನ ಕಲಿಸುವ ಹಾಗೆ. ಗಾಯದ ಜಾಗ ಬಂದಾಗ ಅವನ ಬೆರಳು ನಿಂತಿತು. 'ಕಣ್ಣಿಗೆ ಕಾಣೂದಿಲ್ಲ ನೋಡು. ತುದಿಯಿಂದ ಜಗ್ಗಿಕೋತ ಬಂದ್ರ ಮಾತ್ರ ಸಿಗತೈತಿ,' ಎಂದ. 'ಮುಂಜಾನಿ ನೀ ತುದಿ ಹುಡುಕಲಿಲ್ಲ ದಾನಮ್ಮ. ಗುಡ್ಡಿಯೊಳಗ ಕೈ ಹಾಕಿದಿ, ಒಮ್ಮಿಗೇ ಇದನ್ನ ಎತ್ತಿದಿ.' ಗಾಯ ಎಲ್ಲಿದೆಯೆಂದು ಮೊದಲೇ ಗೊತ್ತಿದ್ದವಳ ಕೈ ಅದು ಎಂಬುದು ಆ ಹೆಂಗಸರಿಗೆ ತಿಳಿಯುವಂತಿರಲಿಲ್ಲ. ಜಗತ್ತಿನಲ್ಲಿ ತಿಳಿಯಬಲ್ಲವನು ಅವನೊಬ್ಬನೇ ಇದ್ದ, ಅವಳಿಗೆ ಕಲಿಸಿದವನು. ಅವನು ಹಗ್ಗವನ್ನು ಅಚ್ಚುಕಟ್ಟಾಗಿ ಸುತ್ತಿ ತನ್ನ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದ. ತಾನು ಇದನ್ನು ಯಾರಿಗೂ ಹೇಳುವುದಿಲ್ಲ ಎಂದ, ಸೋಮವಾರದ ಮಾತನ್ನು ಎತ್ತಲೂ ಇಲ್ಲ. ಎತ್ತುವ ಅಗತ್ಯವಿರಲಿಲ್ಲ, ಅವಳು ಬಾಯಿ ಬಿಟ್ಟರೆ ಪೆಟ್ಟಿಗೆಯ ಹಗ್ಗ ಹೊರಬರುತ್ತಿತ್ತು. ಅವಳ ಫೋನು ಕೈಯಲ್ಲಿತ್ತು, ಅವ್ವನ ಹೆಸರು ತೆರೆಯ ಮೇಲಿತ್ತು. ದಾನೇಶ್ವರಿ ಅದನ್ನು ಆರಿಸಿ ಕಿಸೆಗೆ ಹಾಕಿಕೊಂಡಳು. ಬೆಲ್ಟ್ ಕಟ್ಟಿದ್ದು ಯಾರೆಂದು ಬಸಂತರಾಯ ಕೇಳಿದಾಗ ನೆಲ ನೋಡಿಕೊಂಡು ಕೂರುವುದೆಂದೂ, ಇನ್ನು ಯಾರಿಗೂ, ಯಾವತ್ತೂ, ಏನನ್ನೂ ಹೇಳಬಾರದೆಂದೂ ಅಲ್ಲೇ ನಿಂತು ನಿರ್ಧರಿಸಿದಳು.